ಸೇತುವೆ ಮೇಲೆ ವಿಮೆ ಕಡಿತ

ಗೆಳೆಯರೇ, ಇವತ್ತು ಮಳಖೇಡದ ಸೇತುವೆ ಮೇಲೆ ನನ್ನ ಜೀವ ಬಾಯಿಗೆ ಬಂದಿತ್ತು. ಕಾರಿನ ವಿಮೆ ಮುಂದುವರಿಸಲು ಸೇಡಂನಿಂದ ಗುಲ್ಬರ್ಗಕ್ಕೆ ಹೊರಟಿದ್ದೆವು. ಕಡ್ಡಾಯವಲ್ಲದ ವಿಮೆಗಳಲ್ಲಿ ಯಾವುದನ್ನು ಬಿಟ್ಟರೆ ಖರ್ಚು ಉಳಿಯುತ್ತದೆ ಎಂದು ಹಿಂದೆ ಕೂತ ಹೆಂಡತಿಗೆ ಅರ್ಜಿ ಓದಿ ಹೇಳುತ್ತಿದ್ದೆ.

"ರೇಡಿಯೋದ್ದು ಇರ್ಲಿ, ಮೊನ್ನೆ ಹಾಕಿಸಿದ್ದು. ಡ್ರೈವರಂದು ಬಿಡೋಣು," ಎಂದು ಗೆರೆ ಎಳೆದೆ.

ಡ್ರೈವರ್ ಮೆಹಬೂಬ್ ಸೇತುವೆಯ ನಟ್ಟನಡುವೆ ಗಾಡಿ ನಿಲ್ಲಿಸಿ, ಕೀಲಿ ತೆಗೆದು ನನ್ನ ಕೈಗಿಟ್ಟ. ಕಾಗಿಣಾ ನದಿಯ ನೀರು ಸೇತುವೆಯ ಅಂಚಿಗೆ ಬಂದಿತ್ತು.

"ಯಾಕೋ? ನೀರು ಏರ್ಲಿಕತ್ತದ, ನಡಿ!"

"ರೇಡಿಯೋಕ್ಕ ವಿಮಾ ಅದ, ನನಗಿಲ್ಲ. ಹಂಗಾದ್ರ ರೇಡಿಯೋನೇ ಗಾಡಿ ಹೊಡೀಲಿ ಬಿಡ್ರಿ, ವಕೀಲ್ ಸಾಬ್."

ಹಿಂದೆ ಬಂದು ನಿಂತ ಲಾರಿ ಒಂದೇ ಸಮನೆ ಹಾರ್ನ್ ಬಾರಿಸತೊಡಗಿತು. ನನಗೋ ಕಾರು ಕೊಳ್ಳಲು ಬಂತೇ ಹೊರತು ಓಡಿಸಲು ಬರುವುದಿಲ್ಲ.

"ಮೊದಲ ಅವಂದು ಬರೀರಿ!" ಎಂದು ಹೆಂಡತಿ ಗದರಿದಳು.

ಡ್ರೈವರನ ವಿಮೆಯನ್ನು ಮತ್ತೆ ಬರೆದು, ರೇಡಿಯೋದ್ದನ್ನು ಹೊಡೆದು ಹಾಕಿದೆ. ಮೆಹಬೂಬ್ ಅದನ್ನು ಬಗ್ಗಿ ನೋಡಿಯೇ ಕೀಲಿ ತೆಗೆದುಕೊಂಡ.

ಗುಲ್ಬರ್ಗ ಮುಟ್ಟುವವರೆಗೂ ಆ ವಿಮೆಯಿಲ್ಲದ ರೇಡಿಯೋವನ್ನು ಜೋರಾಗಿ ಹಚ್ಚಿಕೊಂಡೇ ಬಂದ. ಸಣ್ಣ ಮಾಡು ಎನ್ನುವ ಧೈರ್ಯ ನನಗಾಗಲಿಲ್ಲ.