ಐತಾಳ ಸರ್ ಸೋತ ಫೈನಲ್

ಮಹಾಲಿಂಗ ಐತಾಳರು ನಮ್ಮ ಕಾಲೇಜಿಗೆ ದೈಹಿಕ ಶಿಕ್ಷಣ ನಿರ್ದೇಶಕರಾಗಿ ಬಂದದ್ದು ೧೯೯೧ರ ಜುಲೈಯಲ್ಲಿ. ಅದೇ ವರ್ಷ ನಾನು ಅಲ್ಲಿನ ಲೈಬ್ರರಿಗೆ ಸೇರಿದ್ದೆ. ಕುಂದಾಪುರದಿಂದ ಬಸ್ರೂರಿಗೆ ಹೋಗುವ ದಾರಿಯಲ್ಲಿ ನಮ್ಮ ಕಾಲೇಜು. ಆಗ ಅಲ್ಲಿ ಇದ್ದದ್ದು ಒಂದು ವಾಲಿಬಾಲ್ ನೆಟ್ಟು, ಅದೂ ಹರಿದದ್ದು. ಐತಾಳರು ಸಾಲಿಗ್ರಾಮದವರು, ದೇವಸ್ಥಾನದ ಪರಿಚಾರಿಕೆಯ ಮನೆತನ. ಆರಡಿ ಎರಡಿಂಚು ಎತ್ತರ. ಮಗ ಚಡ್ಡಿ ತೊಟ್ಟು ಚೆಂಡು ಬಡಿಯುವುದನ್ನೂ ಒಂದು ಉದ್ಯೋಗ ಎನ್ನುತ್ತಾರೆಂದು ಅವರ ತಂದೆ ಕೊನೆಯವರೆಗೂ ನಂಬಲಿಲ್ಲ.

ಬಂದ ವರ್ಷವೇ ಬಡಗಿಯಿಂದ ಎರಡು ಹಲಗೆ ಮಾಡಿಸಿ, ವೆಲ್ಡಿಂಗ್ ಅಂಗಡಿಯಲ್ಲಿ ರಿಂಗು ಬೆಸುಗೆ ಹಾಕಿಸಿ, ಮಣ್ಣಿನ ಅಂಗಳದಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟಿದರು. ಹುಡುಗರಿಗೆ ಕಬಡ್ಡಿ ಇದೆ, ಕ್ರಿಕೆಟ್ ಇದೆ, ಇವರಿಗೆ ಏನೂ ಇಲ್ಲವಲ್ಲ ಎನ್ನುತ್ತಿದ್ದರು. ಪಂದ್ಯಗಳಲ್ಲಿ ಸ್ಕೋರ್ ಬರೆಯಲು ಜನ ಸಿಗದೆ ನನ್ನನ್ನು ಕೂರಿಸಿಕೊಂಡರು. ಹಾಗೆ ಕೂತವನು ಮೂವತ್ತಮೂರು ವರ್ಷ ಕೂತೆ.

ಆ ಮೂವತ್ತಮೂರು ವರ್ಷಗಳಲ್ಲಿ ಅವರ ಹೆಚ್ಚಿನ ಕೆಲಸ ಬೇಡುವುದೇ ಆಗಿತ್ತು. ಬೆಳಿಗ್ಗೆ ಆರಕ್ಕೆ ಮಗಳನ್ನು ಕಳಿಸಿ ಎಂದು ತಂದೆಯರನ್ನು, ಚಡ್ಡಿ ಬೇಡವಾದರೆ ಟ್ರ್ಯಾಕ್ ಪ್ಯಾಂಟ್ ಹಾಕಿಯಾದರೂ ಆಡಲಿ ಎಂದು ತಾಯಂದಿರನ್ನು, ಮಳೆಗಾಲದಲ್ಲಿ ಅಭ್ಯಾಸಕ್ಕೆ ಸಭಾಭವನ ಕೊಡಿ, ಕುರ್ಚಿ ನಾನೇ ಸರಿಸಿಕೊಳ್ಳುತ್ತೇನೆ ಎಂದು ಪ್ರಾಂಶುಪಾಲರನ್ನು ಬೇಡುತ್ತಲೇ ಇದ್ದರು.

೧೯೯೭ರ ಒಂದು ದಿನ ನನಗೆ ಚೆನ್ನಾಗಿ ನೆನಪಿದೆ. ಮೊದಲ ಬಾರಿಗೆ ಅಂತರ್ ಕಾಲೇಜು ಸೆಮಿಫೈನಲ್ ತಲುಪಿದ್ದೆವು. ತಂಡದ ನಾಯಕಿ ಪಂಕಜಾಕ್ಷಿ. ಮಂಗಳೂರಿಗೆ ಹೊರಟ ಬಸ್ಸು ಬ್ರಹ್ಮಾವರದಲ್ಲಿ ನಿಂತಾಗ ಅವಳ ತಂದೆ ಬಸ್ಸು ಹತ್ತಿದರು. ಮಗಳ ಹತ್ತಿರ ಬಂದು, "ಇಳಿ. ಬ್ಯಾಗ್ ತಕೋ" ಎಂದರು.

ಐತಾಳರು ಎದ್ದು ನಿಂತರು. "ಒಂದೇ ದಿನ ಅಲ್ದಾ? ನಾಳೆ ಸಂಜಿಗೆ ನಾನೇ ಮನೆಗೆ ತಂದ್ ಬಿಡ್ತೆ."

"ನೀವ್ ಒಳ್ಳೇರೇ ಸರ್. ಆರೆ ನಾಳೆ ಗಂಡಿನ ಕಡೆಯವ್ರ್ ಬತ್ರ್."

ಕಂಡಕ್ಟರ್ ಸೀಟಿ ಊದಿದ. ಪಂಕಜಾಕ್ಷಿ ತಲೆ ಎತ್ತದೆ ಇಳಿದುಹೋದಳು. ಅವಳ ಬೂಟುಗಳು ಸೀಟಿನ ಕೆಳಗೇ ಉಳಿದಿದ್ದವು. ಮರುದಿನ ನಾವು ಇಪ್ಪತ್ತು ಅಂಕಗಳಿಂದ ಸೋತೆವು. ಹೀಗೆ ಇಳಿದುಹೋದವರು ಇನ್ನೂ ಎಷ್ಟೋ ಜನ. ಫೈನಲ್ ಎರಡು ಸಲ ಆಡಿದೆವು, ಗೆಲ್ಲಲಿಲ್ಲ.

ಇಷ್ಟು ವರ್ಷ ಆಡಲಿಕ್ಕೆ ಬಿಡಿ ಎಂದು ಬೇಡಿದ ಮನುಷ್ಯ ಒಬ್ಬಳಿಗೆ ಮಾತ್ರ ಆಡಬೇಡ ಎನ್ನಬೇಕಾಯಿತು. ಅವಳು ನಿಶ್ಮಿತಾ.

ಅಮಾಸೆಬೈಲಿನ ಹುಡುಗಿ. ಕೊರೋನಾ ಮುಗಿದು ಕಾಲೇಜು ತೆರೆದ ವರ್ಷ ಬಿ.ಕಾಂ.ಗೆ ಸೇರಿದಳು. ತಂದೆ ಚಂದಯ್ಯ ಮುಂಬೈಯ ಹೋಟೆಲಿನಲ್ಲಿದ್ದವರು, ಅವಳಿಗೆ ಆರು ವರ್ಷವಾಗಿದ್ದಾಗ ತೀರಿಕೊಂಡಿದ್ದರು. ತಾಯಿ ಕುಸುಮಾವತಿ ಹೊಲಿಗೆ ಮಾಡಿ ಮಗಳನ್ನು ಓದಿಸುತ್ತಿದ್ದರು. ಐದಡಿ ಹತ್ತಿಂಚಿನ ಆ ಹುಡುಗಿ ಅದುವರೆಗೆ ಆಡಿದ್ದು ತ್ರೋಬಾಲ್ ಮಾತ್ರ. ಆರು ತಿಂಗಳಲ್ಲಿ ಅವಳು ಅಂಕಣದ ಈ ತುದಿಯಿಂದ ಆ ತುದಿಗೆ ಚೆಂಡು ಬಡಿಯುತ್ತ ಓಡಿದರೆ ಉಳಿದವರು ಅರ್ಧ ದಾರಿಯಲ್ಲೇ ಇರುತ್ತಿದ್ದರು. ಐತಾಳರು ಯಾರನ್ನೂ ಎದುರಿಗೆ ಹೊಗಳುವವರಲ್ಲ. ಅವಳಿಗೆ ಮಾತ್ರ, "ನೀ ರಾಜ್ಯಕ್ಕೆ ಆಡ್ತೆ ಕಾಣ್" ಎಂದುಬಿಟ್ಟರು.

೨೦೨೨ರ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅಭ್ಯಾಸದಲ್ಲಿ ಓಡುತ್ತಿದ್ದವಳು ಬಿದ್ದಳು. ಅರ್ಧ ನಿಮಿಷದಲ್ಲಿ ಕಣ್ಣು ಬಿಟ್ಟು, "ತಿಂಡಿ ತಿಂದಿಲ್ಲೆ ಸರ್, ಅದಕ್ಕೇ" ಎಂದು ನಕ್ಕಳು. ಹಸಿವಿನಿಂದ ತಲೆ ತಿರುಗಿ ಬಿದ್ದ ಹುಡುಗಿಯರನ್ನು ಐತಾಳರು ಎಷ್ಟೋ ಕಂಡಿದ್ದರು. ಅಂಥವರು ಮೊದಲು ನಿಲ್ಲುತ್ತಾರೆ, ತಲೆ ಹಿಡಿದುಕೊಳ್ಳುತ್ತಾರೆ, ಆಮೇಲೆ ಕೂರುತ್ತಾರೆ. ಇವಳು ಓಡುತ್ತ ಓಡುತ್ತಲೇ ಬಿದ್ದಿದ್ದಳು. ಅದು ಅವರಿಗೆ ಸರಿಕಾಣಲಿಲ್ಲ. ಎರಡು ದಿನ ಬಿಟ್ಟು ತಾಯಿ ಮಗಳನ್ನು ನನ್ನ ಕಾರಿನಲ್ಲಿ ಮಣಿಪಾಲಕ್ಕೆ ಕರೆದುಕೊಂಡು ಹೋದೆವು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಹೃದಯದ ಡಾಕ್ಟರು, ಮನೆಯಲ್ಲಿ ಯಾರಾದರೂ ಸಣ್ಣ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರೆಯೇ ಎಂದು ಕೇಳಿದರು. ಕುಸುಮಾವತಿ ಮಗಳ ಕಡೆ ಕೈ ತೋರಿಸಿದರು.

"ಇವ್ಳ್ ಅಪ್ಪಯ್ಯ. ಕೆಲ್ಸ ಮಾಡ್ತಾ ಇಪ್ಪತಿಗೆ ಬಿದ್ರಂಬ್ರ್. ಗ್ಯಾಸ್ಟ್ರಿಕ್ ಅಂತ ಹೇಳಿದ್ರ್."

ಅದು ಗ್ಯಾಸ್ಟ್ರಿಕ್ ಆಗಿರಲಾರದು ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಹುಡುಗಿಯ ಹೃದಯದ ಗೋಡೆ ದಪ್ಪವಾಗಿದೆ, ಇದು ರಕ್ತದಲ್ಲೇ ಬಂದದ್ದು. ಮಾತ್ರೆ ತೆಗೆದುಕೊಂಡು, ಆಗಾಗ ಬಂದು ತೋರಿಸಿಕೊಂಡು ಎಲ್ಲರಂತೆ ಬದುಕಬಹುದು. ಆದರೆ ಓಡುವ, ಹಾರುವ ಆಟ ಬೇಡವೇ ಬೇಡ. ಆಡುತ್ತಿರುವಾಗಲೇ ಹೃದಯ ನಿಂತುಬಿಡಬಹುದು ಎಂದರು.

ಹೊರಗೆ ಬಂದದ್ದೇ ಕುಸುಮಾವತಿ ಐತಾಳರ ಕೈ ಹಿಡಿದುಕೊಂಡರು. "ಮಾಷ್ಟ್ರೆ, ಇದ್ನ ಯಾರಿಗೂ ಹೇಳ್ಬೇಡಿ. ನಾಳೆ ಇವ್ಳಿಗೊಂದ್ ಮದಿ ಆಯ್ಕಲ್ದಾ? ಹಾರ್ಟಿಂದ್ ಅಂದ್ರೆ ಯಾರ್ ಬತ್ರ್?"

ಹುಡುಗಿಯ ಮದುವೆಯ ಮಾತು ಬಂದ ಮೇಲೆ ಐತಾಳರು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟರು. ನಾನೂ ಕೊಟ್ಟೆ.

ಕಾರು ಉಪ್ಪೂರು ದಾಟಿತು. ನಿಶ್ಮಿತಾ ಕೇಳಿದಳು, "ನಾ ಆಡುದೇ ಬ್ಯಾಡ್ದಾ ಸರ್?"

"ಬ್ಯಾಡ ಹೆಣೆ."

"ರಾಜ್ಯಕ್ಕೆ ಆಡ್ತೆ ಅಂತ ಹೇಳದ್ದ್ ನೀವೇ ಅಲ್ದಾ?"

"ಹೌದ್. ನಾನೇ."

"ಈಗ ನೀವೇ ಬ್ಯಾಡ ಅಂದ್ರೆ ನಾ ಎಂತ ಮಾಡುದ್?"

ಅವಳು ಅಂಕಣದಿಂದ ಪೂರ್ತಿ ದೂರವಾಗಬಾರದೆಂದು ಐತಾಳರು ಸ್ಕೋರ್ ಮೇಜಿನಲ್ಲಿ ನನ್ನ ಪಕ್ಕ ಕೂರಿಸಿದರು. ನಾಲ್ಕು ದಿನ ಬಂದಳು. ಗೆಳತಿಯರು ಓಡುವಾಗ ಮೇಜಿನ ಅಡಿಯಲ್ಲಿ ಅವಳ ಕಾಲುಗಳು ತಾಳ ಹಾಕುತ್ತಿದ್ದವು. ಐದನೇ ದಿನ ಬರಲಿಲ್ಲ. ಕಾಲುನೋವು ಎಂದು ಗೆಳತಿಯರಿಗೆ ಹೇಳಿದ್ದಳಂತೆ. ವರ್ಷ ಮುಗಿದ ಮೇಲೆ ಟಿ.ಸಿ. ತೆಗೆದುಕೊಂಡು ಹೋದಳು.

ಮುಂದಿನ ಆಗಸ್ಟಿನಲ್ಲಿ ಪತ್ರಿಕೆಯಲ್ಲಿ ಬೇರೊಂದು ಕಾಲೇಜಿನ ತಂಡದ ಫೋಟೋ ಬಂತು. ಹಿಂದಿನ ಸಾಲಿನಲ್ಲಿ ಎಲ್ಲರಿಗಿಂತ ಎತ್ತರಕ್ಕೆ ನಿಶ್ಮಿತಾ ನಿಂತಿದ್ದಳು. ಐತಾಳರು ಆ ಪತ್ರಿಕೆ ಹಿಡಿದುಕೊಂಡು ಲೈಬ್ರರಿಗೆ ಬಂದರು. ನನ್ನೆದುರೇ ಕುಸುಮಾವತಿಗೆ ಫೋನ್ ಮಾಡಿದರು.

"ನಾ ಎಂತ ಮಾಡುದ್ ಮಾಷ್ಟ್ರೆ? ಉಂಬುದೇ ಬಿಟ್ಟಿದ್ಲ್. ಇನ್ನೊಬ್ರ್ ಡಾಕ್ಟ್ರ್ ಎಂತ ತೊಂದ್ರೆ ಇಲ್ಲೆ ಅಂದ್ ಚೀಟಿ ಕೊಟ್ರಂಬ್ರ್. ನಾ ಬ್ಯಾಡ ಅಂದ್ರೆ ಕೇಂತಿಲ್ಲೆ."

ಮರುದಿನವೇ ಅವರು ಆ ಕಾಲೇಜಿಗೆ ಹೋದರು. ಅಲ್ಲಿಯ ಕೋಚ್ ಕೌಶಲ್ ಎಂಬ ಮೂವತ್ತು ವರ್ಷದ ಹುಡುಗ, ಮಂಗಳೂರು ಕಡೆಯವನು. ಕೊಟ್ಟ ಮಾತನ್ನು ಅವನೊಬ್ಬನ ಮುಂದೆ ಮುರಿದು ಐತಾಳರು ಇದ್ದದ್ದನ್ನೆಲ್ಲ ಹೇಳಿದರು. ಆದರೆ ಕೈಯಲ್ಲಿ ಕಾಗದವಿರಲಿಲ್ಲ. ರಿಪೋರ್ಟು ತಾಯಿಯ ಬಳಿ ಇತ್ತು, ಅವರು ಅದನ್ನು ಯಾರಿಗೂ ತೋರಿಸುವವರಲ್ಲ. ಕೌಶಲ್ ಎದ್ದು ನಿಂತೇ ಮಾತಾಡಿದ.

"ಸರ್, ನಿಮ್ಮ ಮೇಲೆ ತುಂಬ ಗೌರವ ಇದೆ. ಆದ್ರೆ ಒಳ್ಳೆ ಪ್ಲೇಯರ್ ಕೈ ತಪ್ಪಿದ್ಳು ಅಂತ ಹೀಗೆಲ್ಲ ಹೇಳ್ಬಾರ್ದು. ಫಿಟ್‌ನೆಸ್ ಸರ್ಟಿಫಿಕೇಟ್ ನನ್ನ ಫೈಲಲ್ಲಿದೆ."

ಐತಾಳರು ಹುಡುಗಿಯ ಹೆಸರು ಹೇಳದೆ ಟೂರ್ನಿ ನಡೆಸುವವರನ್ನು ಕೇಳಿದರು. ಅವರೂ ಸರ್ಟಿಫಿಕೇಟ್ ಇದ್ದರೆ ನಾವೇನೂ ಮಾಡಲಿಕ್ಕಾಗುವುದಿಲ್ಲ ಎಂದರು. ಅಂದಿನಿಂದ ಐತಾಳರು ಬೆಳಿಗ್ಗೆ ಪತ್ರಿಕೆ ತೆರೆಯುವಾಗ ಕ್ರೀಡಾ ಪುಟಕ್ಕೆ ಮೊದಲು ನಿಧನ ವಾರ್ತೆಯ ಪುಟ ನೋಡುತ್ತಿದ್ದರು.

೨೦೨೪ರ ಜನವರಿಯಲ್ಲಿ ಬ್ರಹ್ಮಾವರದ ಅಂಕಣದಲ್ಲಿ ಫೈನಲ್. ಒಂದು ಕಡೆ ನಾವು, ಇನ್ನೊಂದು ಕಡೆ ನಿಶ್ಮಿತಾಳ ಕಾಲೇಜು. ಐತಾಳರಿಗೆ ಮೇ ತಿಂಗಳಲ್ಲಿ ನಿವೃತ್ತಿ. ನಮ್ಮ ನಾಯಕಿ ಕೋಟೇಶ್ವರದ ಶ್ರಾವ್ಯ, ಗಿಡ್ಡ ಆಳು, ಚುರುಕು. ಗೆದ್ದ ತಂಡದ ಸರ್ಟಿಫಿಕೇಟಿದ್ದರೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸ ಸಿಗುತ್ತದೆಂದು ನಂಬಿಕೊಂಡಿದ್ದಳು. ಐತಾಳರೂ ಹುಡುಗಿಯರನ್ನು ಕೂರಿಸಿಕೊಂಡು, ಈ ಸಲ ಗೆಲ್ಲಿಸಿಯೇ ಮನೆಗೆ ಹೋಗುತ್ತೇನೆ ಎಂದಿದ್ದರು.

ನಮ್ಮ ತಂಡದ ಶಕ್ತಿ ಓಟ. ಚೆಂಡು ಸಿಕ್ಕಿದ್ದೇ ಎದುರಾಳಿಗಳು ತಿರುಗಿ ನಿಲ್ಲುವ ಮೊದಲೇ ಓಡಿಹೋಗಿ ಹಾಕುವುದು. ಅರ್ಧ ಆಟ ಮುಗಿದಾಗ ನಾವು ಮೂವತ್ತೊಂದು, ಅವರು ಇಪ್ಪತ್ತೆರಡು. ನಮ್ಮವರನ್ನು ಹಿಂದೆ ಓಡಿ ಹಿಡಿಯಲು ಅವರಲ್ಲಿ ಇದ್ದವಳು ಒಬ್ಬಳೇ, ನಿಶ್ಮಿತಾ. ಪ್ರತಿ ಸಲವೂ ಓಡಿದಳು. ಐತಾಳರು ಚೆಂಡು ನೋಡುತ್ತಿರಲಿಲ್ಲ, ಅವಳನ್ನೇ ನೋಡುತ್ತಿದ್ದರು. ವಿರಾಮಕ್ಕೆ ಸ್ವಲ್ಪ ಮೊದಲು ಅವಳು ಮೊಣಕಾಲಿನ ಮೇಲೆ ಕೈಯೂರಿ ಬಾಗಿ ನಿಂತದ್ದನ್ನು ನಾನೂ ಕಂಡೆ.

ವಿರಾಮದಲ್ಲಿ ಹುಡುಗಿಯರನ್ನು ಸುತ್ತ ಸೇರಿಸಿ ಹೇಳಿದರು, "ಇನ್ನ್ ಯಾರೂ ಓಡುಕಾಗ. ಚೆಂಡ್ ಕೈಯಂಗೇ ಇರ್ಲಿ. ಇಪ್ಪತ್ತ್ ಸೆಕೆಂಡ್ ಆಪಲ್ಲಿವರೆಗೆ ಹೊಡಿಯುಕಾಗ."

ಶ್ರಾವ್ಯ ಬಾಯಿ ತೆರೆದು ನಿಂತಳು. "ಎಂತಕೆ ಸರ್? ಓಡದ್ದಕ್ಕೇ ಅಲ್ದಾ ನಾವ್ ಮುಂದೆ ಇಪ್ಪುದ್?"

"ಹೇಳ್ದಷ್ಟ್ ಮಾಡಿ."

ಮೇಜಿನಲ್ಲಿ ಕೂತಿದ್ದ ನನಗೆ ಕಾರಣ ತಿಳಿಯಿತು. ಬೇರೆ ಯಾರಿಗೂ ತಿಳಿಯುವಂತಿರಲಿಲ್ಲ. ಬುಟ್ಟಿಗೆ ಎಸೆಯಲು ನಿಯಮ ಕೊಡುವ ಇಪ್ಪತ್ತನಾಲ್ಕು ಸೆಕೆಂಡು ಮುಗಿಯುತ್ತ ಬರುವವರೆಗೆ ನಮ್ಮ ಹುಡುಗಿಯರು ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತ ನಿಂತರು. ಆಟ ನಡಿಗೆಯ ವೇಗಕ್ಕೆ ಇಳಿಯಿತು. ಜನ ಕೂಗಾಡಿದರು. ಅಭ್ಯಾಸವಿಲ್ಲದ ಆಟ, ಹೊಡೆದದ್ದೆಲ್ಲ ತಪ್ಪಿತು. ಅವರು ಒಂದೊಂದೇ ಅಂಕ ಮೇಲೆ ಬಂದರು.

ಕೊನೆಗೆ ಒಂದು ನಿಮಿಷ ಉಳಿದಿತ್ತು. ನಾವು ನಲವತ್ತೊಂದು, ಅವರು ನಲವತ್ತೆರಡು. ಶ್ರಾವ್ಯ ಎದುರಾಳಿಯ ಕೈಯಿಂದ ಚೆಂಡು ಕಿತ್ತುಕೊಂಡಳು. ಮುಂದೆ ಯಾರೂ ಇಲ್ಲ, ಅಂಕಣ ಖಾಲಿ. ಓಡಿದಳು. ಹಿಂದಿನಿಂದ ನಿಶ್ಮಿತಾ ಇದ್ದ ಶಕ್ತಿಯನ್ನೆಲ್ಲ ಹಾಕಿ ಅಟ್ಟಿಸಿಕೊಂಡು ಬಂದಳು. ಅವಳ ಮುಖ ಬಿಳಿಚಿಕೊಂಡಿತ್ತು.

ಐತಾಳರು ಎದ್ದು ಕಿರುಚಿದರು, "ನಿಲ್ಲ್! ಶ್ರಾವ್ಯ, ನಿಲ್ಲ್!"

ಮೂರು ವರ್ಷ ಆ ದನಿ ಹೇಳಿದ್ದನ್ನು ಕೇಳಿಯೇ ಅಭ್ಯಾಸವಾಗಿದ್ದ ಹುಡುಗಿ ನಿಂತಳು, ತಿರುಗಿ ಅವರ ಕಡೆ ನೋಡಿದಳು. ನಿಶ್ಮಿತಾಳ ಹಿಂದೆ ಬಂದ ಇನ್ನೊಬ್ಬಳು ಶ್ರಾವ್ಯಳ ಕೈಯಿಂದ ಚೆಂಡನ್ನು ತಟ್ಟಿಕೊಂಡು ಹೋಗಿ ಬುಟ್ಟಿಗೆ ಹಾಕಿದಳು. ಸುತ್ತ ಜನ ನಕ್ಕರು. ನಲವತ್ತೊಂದು–ನಲವತ್ತನಾಲ್ಕು ಎಂದು ನಾನೇ ಬರೆದು ಸಹಿ ಹಾಕಿದೆ.

ಪದಕ ಕೊಟ್ಟಾದ ಮೇಲೆ ನಿಶ್ಮಿತಾ ನೇರ ಐತಾಳರ ಹತ್ತಿರ ಬಂದಳು. ಉಸಿರು ಇನ್ನೂ ಸರಿಯಾಗಿರಲಿಲ್ಲ. "ನಾ ಓಡುಕಾಗ ಅಂತ ಹೀಂಗ್ ಮಾಡದ್ದಲ್ದಾ ಸರ್? ನಂಗೆ ಹೀಂಗ್ ಗೆಲ್ಲುದ್ ಬ್ಯಾಡ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅಷ್ಟು ಹೇಳಿ ತಿರುಗಿ ಹೋದಳು. ನಮ್ಮ ಬಸ್ಸಿನಲ್ಲಿ ಕುಂದಾಪುರದವರೆಗೆ ಯಾವ ಹುಡುಗಿಯೂ ಅವರೊಂದಿಗೆ ಮಾತಾಡಲಿಲ್ಲ.

ಹಳೆಯ ಶಿಷ್ಯೆಗಾಗಿ ಪಂದ್ಯ ಬಿಟ್ಟುಕೊಟ್ಟರು ಎಂದು ಮಾತು ಹಬ್ಬಿತು. ಪ್ರಾಂಶುಪಾಲರು ಲಿಖಿತ ವಿವರಣೆ ಕೇಳಿದರು. 'ನನ್ನ ತಂತ್ರ ತಪ್ಪಾಯಿತು' ಎಂದು ಒಂದೇ ಸಾಲು ಬರೆದುಕೊಟ್ಟರು. ಇರುವುದನ್ನು ಹೇಳಿಬಿಡಿ ಎಂದು ನಾನು ಗೋಗರೆದೆ. "ಆ ಹೆಣ್ಣಿನ ಮದಿ ನಾನಾ ಮಾಡಿಸ್ತೆ?" ಎಂದರು. ಮೇ ತಿಂಗಳ ಬೀಳ್ಕೊಡುಗೆಗೆ ತಂಡದಿಂದ ಒಬ್ಬರೂ ಬರಲಿಲ್ಲ. ಪರೀಕ್ಷೆ ಇತ್ತೆಂದು ಹೇಳಿದರು. ಅಂದು ಪರೀಕ್ಷೆ ಇರಲಿಲ್ಲ.

ಆಗಸ್ಟಿನಲ್ಲಿ ನಿಶ್ಮಿತಾ ಅಭ್ಯಾಸದ ನಡುವೆ ಬಿದ್ದಳು. ಈ ಸಲ ಅರ್ಧ ನಿಮಿಷಕ್ಕೆ ಕಣ್ಣು ಬಿಡಲಿಲ್ಲ. ಆಂಬುಲೆನ್ಸ್ ಬರುವವರೆಗೆ ಕೌಶಲ್ ಅವಳ ಎದೆ ಒತ್ತುತ್ತಲೇ ಇದ್ದನಂತೆ. ಬದುಕಿದಳು. ಎದೆಯೊಳಗೆ ಒಂದು ಯಂತ್ರ ಕೂರಿಸಿದರು, ಹೃದಯ ತಪ್ಪಿದರೆ ಅದು ಎಬ್ಬಿಸುತ್ತದೆ.

ನಾವು ಆಸ್ಪತ್ರೆಗೆ ಹೋದಾಗ ಕೌಶಲ್ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಐತಾಳರನ್ನು ಕಂಡು ಎದ್ದ, "ಸರ್" ಎಂದ. "ಎದಿ ಒತ್ತಿ ಬದ್ಕಿಸ್ದ್ದ್ ನೀವೇ ಅಲ್ದಾ? ಕೂಕಣಿ" ಎಂದು ಐತಾಳರು ಅವನ ಹೆಗಲು ತಟ್ಟಿ ಕೂರಿಸಿದರು.

ಕುಸುಮಾವತಿ ಒಳಗಿನಿಂದ ಬಂದರು. ಐತಾಳರಿಗೆ ಹೇಳಿದರು, "ನಾ ಹೇಳ್ಬೇಡಿ ಅಂದ್ರೂ ನೀವ್ ಎಲ್ರಿಗೂ ಹೇಳ್ಕಿತ್ತ್ ಮಾಷ್ಟ್ರೆ. ನಾ ಓದದ್ದ್ ಆರ್ನೇ ಕ್ಲಾಸ್. ನೀವ್ ಕಲ್ತರಲ್ದಾ?"

ಐತಾಳರು ತಲೆ ತಗ್ಗಿಸಿದರು. ನಾನೂ ಮಾತು ಕೊಟ್ಟವನೇ.

ಈಗ ಮುಚ್ಚಿಡಲು ಏನೂ ಉಳಿದಿರಲಿಲ್ಲ. ಎಲ್ಲವೂ ಊರಿಗೆ ಗೊತ್ತಾಗಿತ್ತು. ದೀಪಾವಳಿ ಕಳೆದ ಮೇಲೆ ಐತಾಳರು ಶ್ರಾವ್ಯಳನ್ನು ಕಾಣಬೇಕೆಂದರು. ಅವಳು ಕುಂದಾಪುರದ ಒಂದು ಬಂಗಾರದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದಳು, ಪಟ್ಟಿಯಲ್ಲಿ ಹೆಸರು ಬಂದಿರಲಿಲ್ಲ. ನಮ್ಮನ್ನು ಕಂಡು ಕೌಂಟರಿನಿಂದ ಹೊರಗೆ ಬಂದು ಮೆಟ್ಟಿಲ ಹತ್ತಿರ ನಿಂತಳು. ಐತಾಳರು ಮೊದಲಿನಿಂದ ಕೊನೆಯವರೆಗೆ ಹೇಳಿದರು.

"ನಮ್ಗೊಂದ್ ಮಾತ್ ಹೇಳಿದ್ರೆ ನಾವೇ ನಿಧಾನ ಆಡ್ತಿದ್ದಿತ್ ಸರ್" ಎಂದಳು ಕೊನೆಗೆ. "ಅವ್ಳ್ ನಮ್ ಗೆಳ್ತಿ ಅಲ್ದಾ?"

"ಅವ್ಳ್ ಅಮ್ಮಂಗೆ ಮಾತ್ ಕೊಟ್ಟಿದ್ದೆ, ಮಗಾ."

"ನಮ್ಗೂ ಕೊಟ್ಟಿದ್ರಿ. ಗೆಲ್ಲಿಸ್ತೆ ಅಂತ."

ಸಿಟ್ಟಿನಿಂದ ಹೇಳಿದ್ದಲ್ಲ. ದಾರಿ ಕೇಳಿದವರಿಗೆ ದಾರಿ ಹೇಳುವ ದನಿಯಲ್ಲಿ ಹೇಳಿದಳು. ಒಳಗಿನಿಂದ ಯಾರೋ ಕರೆದರು. "ಬತ್ತೆ ಸರ್, ಗಿರಾಕಿ ಬಂದ್ರ್" ಎಂದು ಬಾಗಿ ಅವರ ಕಾಲು ಮುಟ್ಟಿ ಹೋದಳು. ಅವರು ಅವಳ ತಲೆ ಮುಟ್ಟಲು ಎತ್ತಿದ ಕೈ ಅರ್ಧದಲ್ಲೇ ಉಳಿಯಿತು.

ಗಾಜಿನ ಬಾಗಿಲಿನಾಚೆ ಶ್ರಾವ್ಯ ಒಬ್ಬ ಹೆಂಗಸಿನ ಮುಂಗೈಗೆ ಬಳೆಯ ಅಳತೆ ನೋಡುತ್ತಿದ್ದಳು. ಐತಾಳರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, ಸಾಲಿಗ್ರಾಮಕ್ಕೆ ಬಸ್ಸು ಎಷ್ಟು ಗಂಟೆಗೆ ಎಂದು ನನ್ನನ್ನು ಕೇಳಿದರು.