ಮಾಸ್ಟರ್ ಭಾವನ ಗೀಟು

ನನ್ನ ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ, ತಾನೊಬ್ಬ ಮಹಾ ದರ್ಜಿ ಎಂದು ನಂಬಿಕೊಂಡ ಪುಣ್ಯಾತ್ಮ. ಅಂಗಡಿಗೆ ಬಂದವರೆಲ್ಲ ಅವನನ್ನು ‘ಮಾಸ್ಟರ್’ ಎನ್ನಬೇಕು. ಸೀಮೆಸುಣ್ಣದಲ್ಲಿ ನಾಲ್ಕು ಗೀಟು ಎಳೆದು, ಕತ್ತರಿಸಿ ಎಸೆದರೆ ಅವನ ಕೆಲಸ ಮುಗಿಯಿತು. ಹೊಲಿಯುವುದು, ಕಾಜಾ ಹಾಕುವುದು, ಗಿರಾಕಿಗಳಿಂದ ಬೈಸಿಕೊಳ್ಳುವುದು ಎಲ್ಲ ನನ್ನ ಹೆಂಡತಿಯ ಪಾಲು.

ಲೋಕದ ದರ್ಜಿಗಳೆಲ್ಲ ಬಟ್ಟೆಯ ಒಳಮೈಗೆ ಗೀಟು ಹಾಕಿದರೆ ಇವನು ಹೊರಮೈಗೆ ಹಾಕುತ್ತಿದ್ದ. ಚಿಕ್ಕಂದಿನಲ್ಲಿ ತಂಗಿಗೆ ಯಾವ ಮೈ ಯಾವುದೆಂದು ತಿಳಿಯುತ್ತಿರಲಿಲ್ಲವಂತೆ. “ಗೀಟು ಇರೋ ಕಡೆ ಹೊರಗೆ ಬರ್ಬೇಕು ಕಣೇ” ಎಂದು ಅವಳಿಗಾಗಿ ಹೊರಮೈಗೆ ಗೀಟೆಳೆದು ಕಲಿಸಿದ. ಅದೇ ಇಬ್ಬರ ಕೈಗೂ ಅಂಟಿಕೊಂಡಿತು.

ಸಮವಸ್ತ್ರ ಹೊಲಿಯುವ ಕಾರ್ಖಾನೆಯವರು ಅವನನ್ನು ಕಟಿಂಗ್ ಮಾಸ್ಟರ್ ಕೆಲಸಕ್ಕೆ ಕರೆದಾಗ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

“ಅಂಗಡಿ ನಾನು ನೋಡ್ಕೋತೀನಣ್ಣ. ಬೋರ್ಡಲ್ಲಿ ನನ್ನ ಹೆಸ್ರು ಬರೆಸ್ಲಾ?” ಎಂದಳು ನನ್ನ ಹೆಂಡತಿ. ಹುಡುಗಿಯಾಗಿದ್ದಾಗಿನಿಂದ ಅವಳಿಗಿದ್ದ ಆಸೆ ಅದೊಂದೇ.

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ನಿನ್ನ ಹೆಸ್ರಾ? ಹೊಲಿಯೋದು ಯಾರಿಗ್ ಬರಲ್ಲ? ಕತ್ತರಿ ಹಿಡಿಯೋಕೆ ತಲೆ ಬೇಕಮ್ಮಾ!”

ಆ ತಲೆ ವಾರದೊಳಗೇ ಮನೆಗೆ ವಾಪಸ್ಸಾಯಿತು. ಗೀಟಿದ್ದ ಮೈಯೇ ಒಳಮೈ ಎಂದು ನಂಬಿ ಅಲ್ಲಿನವರು ಹೊಲಿದ ಕೋಟುಗಳಲ್ಲಿ ಹೊಳಪಿನ ಮೈ ಒಳಗೆ ಹೋಗಿ, ಮಂಕು ಮೈ ಹೊರಗೆ ಬಂದಿತ್ತಂತೆ. ಬಂದವನೇ ತಂಗಿಯ ಮೇಲೆ ಹರಿಹಾಯ್ದ. “ನಿನ್ನಿಂದ ನನ್ನ ಕೈ ಕೆಟ್ಟೋಯ್ತು!” ನಾಚಿಕೆ ಬೇಡವೇ ಮನುಷ್ಯನಿಗೆ?

ಮನಸಾರೆ ನಗೋಣವೆಂದರೆ ಇಲ್ಲೂ ಅದೇ ಹಣೆಬರಹ. ಇವಳು ಬೇರೆ ಕಟಿಂಗ್‌ನವನನ್ನು ಇಟ್ಟುಕೊಂಡಿದ್ದಳು. ಅವನು ಒಳಮೈಗೆ ಗೀಟು ಹಾಕುತ್ತಾನೆಂದು ಗೊತ್ತಿದ್ದೂ ಇವಳ ಕೈ ಹಳೆಯ ಕಡೆಗೇ ಹೊರಳುತ್ತಿತ್ತು. ಹೊಲಿದಿದ್ದನ್ನೆಲ್ಲ ಬಿಚ್ಚುವುದೇ ಕೆಲಸವಾಗಿ ಅವನು ಕೈಮುಗಿದು ಹೋದ.

“ವಾಪಸ್ ಬರ್ತೀಯಾ? ಬಾ. ಆದ್ರೆ ಬೋರ್ಡಲ್ಲಿ ನಾನೂ ಇರ್ಬೇಕು” ಎಂದಳು ಅಣ್ಣನಿಗೆ.

“ಆಯ್ತು ಮಾರಾಯ್ತಿ” ಎಂದು ಹೋದವನು ಮರುದಿನ ಹೊಸ ಬೋರ್ಡು ತಂದು ಬಾಗಿಲ ಮೇಲೆ ಏರಿಸಿದ. ಇಷ್ಟಗಲ ಅಕ್ಷರಗಳಲ್ಲಿ ಅವನ ಹೆಸರು. ಕೆಳಗೆ, ಮೂಲೆಯಲ್ಲಿ, ಇರುವೆ ಸಾಲಿನಷ್ಟು ಸಣ್ಣಗೆ: ‘ಸಹಾಯ: ತಂಗಿ’.

ನನಗೆ ಮೈಯೆಲ್ಲ ಉರಿದುಹೋಯಿತು. “ಕಿತ್ತು ಬಿಸಾಕ್ತೀನಿ” ಎಂದು ಸ್ಟೂಲು ಹತ್ತಿದೆ. ಅವಳು ನನ್ನ ತೋಳು ಹಿಡಿದೆಳೆದಳು. ಕಣ್ಣು ತುಂಬಿತ್ತು.

“ಬಿಡ್ರೀ. ಬೇರೆಯವ್ರ ಗೀಟಿಗೆ ನನ್ನ ಕೈ ಬಗ್ಗಲ್ಲ” ಎಂದವಳು ಯಂತ್ರದ ಮುಂದೆ ಕುಳಿತು, ಅವನು ಕತ್ತರಿಸಿ ಎಸೆದ ಅಂಗಿಯ ತೋಳನ್ನು ಹೊಲಿಯತೊಡಗಿದಳು.