ಕೈ ಎಲ್ಲೈತಿ ಎಂದು ಕೇಳುತ್ತಿದ್ದ ವಸ್ತಾದರು

ವಸ್ತಾದರ ತೋಳು ಬೇವಿನ ಬೊಡ್ಡೆಯಷ್ಟು ದಪ್ಪ. ಅಂಗೈ ಮಾತ್ರ ಕೂಸಿಗೆ ಎಣ್ಣೆ ತಿಕ್ಕಿ ನೀರೆರೆಯುವ ಮುದುಕಿಯ ಅಂಗೈಯಂತೆ ಮೆತ್ತಗೆ. ಮೊದಲ ಸಲ ಆ ಅಂಗೈ ನನ್ನ ಹೆಗಲ ಮೇಲೆ ಬಿದ್ದಾಗ, ಇಂಥ ಕೈಯವರು ಎಂದಾದರೂ ಕುಸ್ತಿ ಹಿಡಿದಿದ್ದಾರೆಯೇ ಎಂದು ಅನುಮಾನ ಬಂತು. ಬೆರಳುಗಳನ್ನು ನೋಡಿದ ಮೇಲೆ ಅನುಮಾನ ಹೋಯಿತು. ಒಂದೊಂದೂ ಒಂದೊಂದು ದಿಕ್ಕಿಗೆ ಮುರಿದು ಕೂಡಿದ್ದವು.

ನಾನಾಗ ಹುಬ್ಬಳ್ಳಿಯ ಒಂದು ಹತ್ತಿ ಪ್ರೆಸ್ಸಿನಲ್ಲಿ ಹಮಾಲ. ಶಿರಗುಪ್ಪಿಯಲ್ಲಿ ಮೂರನೇ ಇಯತ್ತೆಗೇ ಶಾಲೆ ಬಿಟ್ಟು ಬಂದವನು. ಅಕ್ಷರದಲ್ಲಿ ಸೋತದ್ದನ್ನು ಬೆನ್ನಿನಲ್ಲಿ ಗೆದ್ದೆ ಎಂಬ ಸೊಕ್ಕು ನನಗಿತ್ತು. ಇಬ್ಬರು ಹೊರುವ ಹತ್ತಿಯ ಅಂಡಗಿಯನ್ನು ಒಬ್ಬನೇ ಬೆನ್ನಿಗೇರಿಸಿ ಹಲಗೆ ಹತ್ತುತ್ತಿದ್ದೆ. ಒಂದು ದಿನ ಹಲಗೆ ಜಾರಿ ಅಂಡಗಿ ನನ್ನ ಬಲ ಹೆಗಲ ಮೇಲೆ ಬಿತ್ತು. ಎಲುಬೇನೋ ಕೂಡಿತು. ಆದರೆ ಕೈ ಎದೆಯ ಮಟ್ಟಕ್ಕೂ ಏಳದಾಯಿತು. ತಲೆಗೆ ರುಮಾಲು ಸುತ್ತಿಕೊಳ್ಳಲೂ ಹೆಂಡತಿ ಬೇಕು. ಎರಡು ತಿಂಗಳು ಸುತ್ತಿದಳು, ಆಮೇಲೆ ಬೇಸತ್ತಳು.

“ಹಳೇ ಹುಬ್ಬಳ್ಯಾಗ ಒಬ್ಬ ವಸ್ತಾದ ಇದ್ದಾನಂತ, ಕೆಟ್ಟ ಕೈಕಾಲ ನೆಟ್ಟಗ ಮಾಡ್ತಾನಂತ, ಹೋಗ್ರಿ. ದಿನಾ ನಿಮ್ಮ ತಲಿ ಸುತ್ತಾಕ ನನಗ ಪುರಸೊತ್ತಿಲ್ಲ.”

ಹೋದೆ. ಕುಸ್ತಿ ಕಲಿಸುವ ವಸ್ತಾದರ ಮನೆ ಎಂದರೆ ಕಣ, ತಿರುವುವ ಮರದ ಕರೇಲಿ, ಸದ್ದುಗದ್ದಲ ಇರುತ್ತದೆ ಎಂದುಕೊಂಡಿದ್ದೆ. ಅಲ್ಲಿದ್ದದ್ದು ಹನ್ನೆರಡು ಹೆಜ್ಜೆಯ ಅಂಗಳ, ಒಂದು ಹಳೆಯ ಜಮಖಾನೆ, ಪಡಸಾಲೆಯಲ್ಲಿ ಒಂದು ಹೊರಸು. ಹೊರಸಿನ ಮೇಲೆ ಒಬ್ಬರು ಮಲಗಿದ್ದರು. ಅವರನ್ನು ಎಲ್ಲರೂ ಪೈಲವಾನರೆಂದೇ ಕರೆಯುತ್ತಿದ್ದರು. ಎದೆಯಿಂದ ಕೆಳಗೆ ಅವರ ಮೈಯಲ್ಲಿ ಜೀವವಿರಲಿಲ್ಲ, ಕೈಗಳಲ್ಲಿ ಅರ್ಧ ಜೀವ. ಉಪ್ಪಿನಬೆಟಗೇರಿಯ ಒಕ್ಕಲು ಮನೆತನದ ಮಗ, ವಸ್ತಾದರಿಗಿಂತ ಹದಿನೈದು ವರ್ಷವಾದರೂ ಚಿಕ್ಕವರು. ವಸ್ತಾದರು ದಿನಕ್ಕೆರಡು ಸಲ ಅವರ ಒಂದೊಂದು ಕೀಲನ್ನೂ ಮಡಿಸಿ, ಬಿಡಿಸಿ, ಮಗ್ಗುಲು ಹೊರಳಿಸಿ, ಎಣ್ಣೆ ಹಚ್ಚುತ್ತಿದ್ದರು. ಅಷ್ಟು ತಪ್ಪಿದರೆ ಬೆನ್ನಿಗೆ ಹುಣ್ಣು ಬಿದ್ದು ಮನುಷ್ಯ ಒಂದು ತಿಂಗಳೂ ಉಳಿಯುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರಂತೆ. ಪೈಲವಾನರದು ಮಾಂಸ ಮುಟ್ಟದ ಮನೆತನವೆಂದು ಅವರಿಗಾಗಿ ಬೇರೆ ಒಲೆ, ಬೇರೆ ಗಡಿಗೆ. ಹೆಂಡತಿ ಮಕ್ಕಳಿಲ್ಲದ ವಸ್ತಾದರು ತಾವೇ ರೊಟ್ಟಿ ಬಡಿದು, ಮುರಿದು, ಬಾಯಿಗಿಡುತ್ತಿದ್ದರು.

ನನ್ನನ್ನು ಜಮಖಾನೆಯ ಮೇಲೆ ಕೂರಿಸಿದರು.

“ಕಣ್ಣ ಮುಚ್ಚು. ಉಸರ ತಗೊಳ್ಳೋ ಮುಂದ ಕೈ ಮ್ಯಾಲೆ, ಉಸರ ಬಿಡೋ ಮುಂದ ಕೆಳಗ. ಉಸರಿಗಿಂತ ಕೈ ಮುಂದ ಓಡಬಾರದು.”

ಎರಡು ಸಲ ಎತ್ತಿ ಇಳಿಸಿದೆ. ಮೂರನೆಯ ಸಲ ನಡುವೆ ತಡೆದರು.

“ಕೈ ಎಲ್ಲೈತಿ?”

“ಎಲ್ಲೈತಿ ಅಂದ್ರ? ಹೆಗಲಿಗೇ ಐತ್ರಿ.”

ಹೊರಸಿನ ಮೇಲೆ ಪೈಲವಾನರು ಕಿಸಕ್ಕನೆ ನಕ್ಕರು.

“ಎಷ್ಟ ಎತ್ತರದಾಗ ಐತಿ ಅಂತ ಕೇಳಿದೆ.”

“ಹೆಗಲಿನ ಸಮ ಬಂದೈತ್ರಿ.”

“ಈಗ ಕಣ್ಣ ತಗಿ.”

ಕೈ ಹೊಕ್ಕುಳಕ್ಕಿಂತ ನಾಲ್ಕು ಬೆರಳು ಮೇಲಿತ್ತು, ಅಷ್ಟೇ.

“ನಿನ್ನ ಕೈ ಎಲ್ಲೈತಂತ ನಿನಗ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹೆಂಗ ರಿಪೇರಿ ಮಾಡ್ತೀಯೋ ತಮ್ಮಾ?”

ಅವರ ವಿದ್ಯೆಯೆಲ್ಲ ಇಷ್ಟೇ. ಔಷಧ ಕೊಡುತ್ತಿರಲಿಲ್ಲ, ಮಂತ್ರ ಹೇಳುತ್ತಿರಲಿಲ್ಲ. ಮೈ ಎಲ್ಲಿದೆಯೋ ಮನಸ್ಸೂ ಅಲ್ಲಿರಬೇಕು ಎಂಬುದಕ್ಕೆ ಅವರಿಟ್ಟ ಹೆಸರು ಲಕ್ಷ್ಯ. “ಲಕ್ಷ್ಯ ಇಡು” ಎಂಬ ಮಾತು ದಿನಕ್ಕೆ ನೂರು ಸಲ ಅವರ ಬಾಯಲ್ಲಿ ಬರುತ್ತಿತ್ತು. ನಡು ಹಿಡಿದ ನೇಕಾರರು, ಉಬ್ಬಸದ ಮುದುಕರು, ಇಂಥವರೇ ಮುಂಜಾನೆ ಬರುವವರು. ಮಗನನ್ನು ಕಳೆದುಕೊಂಡು ನಿದ್ದೆ ಬಾರದಾಗಿದ್ದ ಒಬ್ಬ ಹೆಣ್ಣುಮಗಳೂ ಬರುತ್ತಿದ್ದಳು. ಅವಳಿಂದ ಕೈ ಎತ್ತಿಸಲಿಲ್ಲ. ಅಂಗಳದಲ್ಲಿ ಆಚೆಯಿಂದ ಈಚೆಗೆ ನಡೆಸಿದರು. ಹಿಮ್ಮಡಿ ನೆಲ ಮುಟ್ಟಿದ್ದು ತಿಳಿಯಬೇಕು, ಆಮೇಲೆ ಅಂಗಾಲು, ಆಮೇಲೆ ಬೆರಳು. ಎಂಟನೆಯ ದಿನವೋ ಒಂಬತ್ತನೆಯ ದಿನವೋ ಆಕೆ ನಡೆಯುತ್ತಲೇ ಅಳತೊಡಗಿದಳು. ನಾವೆಲ್ಲ ಮುಖ ತಿರುಗಿಸಿದೆವು. ವಸ್ತಾದರು ಮಾತ್ರ ಅವಳ ಪಾದ ನೋಡುತ್ತ, “ಅಳ್ರೀ ತಂಗಿ, ಅಳ್ರಿ. ಕಾಲ ಮಾತ್ರ ಬಿಡಬ್ಯಾಡ್ರಿ” ಎಂದರು.

ಪ್ರೆಸ್ಸಿನಲ್ಲಿ ಸುದ್ದಿ ಹಬ್ಬಿತು. ನನ್ನ ಜೊತೆಯ ಹಮಾಲರು ಬಿಡುತ್ತಾರೆಯೇ?

“ಏನಲೇ, ಬಯಲಾಟದಾಗ ಹೆಣ್ಣಿನ ವೇಷ ಹಾಕಾವೇನು? ಕೈ ಹಂಗ ತೇಲಸಾಕ ಕಲಿಯಾಕತ್ತೀಯಂತ!”

ಇಂಥ ಮಾತು ನನಗೆ ಬೆಂಕಿ. ಮರುದಿನ ವಸ್ತಾದರು ಒಳಗೆ ಹೋಗಿದ್ದಾಗ ಗೋಡೆಗೆ ಕೈ ಒತ್ತಿ, ಹಲ್ಲು ಕಚ್ಚಿ, ಒಂದೇ ಏಟಿಗೆ ಮೇಲೆ ನೂಕಿದೆ. ಒಳಗೆಲ್ಲೋ ಹಸಿ ಅರಿವೆ ಹರಿದಂತಾಯಿತು. ನಾನು ಕೂಗಿದ್ದು ಓಣಿಗೆಲ್ಲ ಕೇಳಿರಬೇಕು. ವಸ್ತಾದರು ಬಂದು ನೋಡಿದರು, ಬೈಯಲಿಲ್ಲ.

“ಎದ್ದ ಹೊರಗ ನಡಿ. ನಿನ್ನ ಸೊಕ್ಕಿಗೆ ನನ್ನ ಹಂತ್ಯಾಕ ಔಷಧಿ ಇಲ್ಲ.”

ನಾಲ್ಕು ದಿನ ಮನೆಯಲ್ಲಿ ಕೂತೆ. ಐದನೆಯ ದಿನ ಹೋಗಿ ಹೊಸ್ತಿಲಲ್ಲಿ ನಿಂತೆ. ವಸ್ತಾದರು ಎಡಗೈ ಹಿಡಿದು ಹೊರಸಿನ ಹತ್ತಿರ ಒಯ್ದರು. ಪೈಲವಾನರ ಬಲಗಾಲನ್ನು ನನ್ನ ಎಡಗೈಯಲ್ಲಿಟ್ಟರು. “ನಿನ್ನ ಮೈಮ್ಯಾಲೆ ನಿನಗ ದಯಾ ಇಲ್ಲ. ಇವನ ಮ್ಯಾಲಾದ್ರೂ ತೋರಿಸು” ಎಂದರು. ಅಂದಿನಿಂದ ಮೊದಲು ಆ ಕಾಲು, ಆಮೇಲೆ ನನ್ನ ಕೈ. ಸತ್ತ ಕಾಲು ಎಷ್ಟು ಭಾರವಿರುತ್ತದೆ ಎಂದು ಅಂಡಗಿ ಹೊತ್ತ ನನಗೂ ಗೊತ್ತಿರಲಿಲ್ಲ. ಅದನ್ನು ಅವಸರದಲ್ಲಿ ಎತ್ತಲು ಬರುವುದಿಲ್ಲ. ಯುಗಾದಿಗೆ ಶುರುವಾದದ್ದು, ದಸರೆಗೆ ನನ್ನ ರುಮಾಲನ್ನು ನಾನೇ ಸುತ್ತಿಕೊಂಡೆ.

ಪೈಲವಾನರು ಆ ಹೊರಸಿಗೆ ಬಂದದ್ದು ಹೇಗೆಂದು ಪ್ರೆಸ್ಸಿನ ಒಬ್ಬ ಹಳಬ ನನಗೆ ಹೇಳಿದ. ನಂಬದೆ ವಸ್ತಾದರನ್ನೇ ಕೇಳಿದೆ. ಅವರು ಕೈಯಲ್ಲಿದ್ದ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟರು.

“ಖರೇ ಐತಿ. ನಾನ ಮುರಿದೆ. ನನ್ನ ತಾಲೀಮಿನ ಹುಡುಗ ಅವ. ಹೆಣ್ಣ ಕೊಡಾವ್ರು ನೋಡಾಕ ಬಂದಿದ್ರು, ಒಂದ ಜೋಡಿ ಆಡಿ ತೋರಸೋಣು ಅಂತ ಇಳದಿವಿ. ಕುತಗಿ ಹಿಡದಿದ್ದೆ. ಬಂದಾವ್ರು ಏನಂತಾರಂತ ಅತ್ತಾಗ ನೋಡಿದೆ. ಅಷ್ಟರಾಗ ಸಪ್ಪಳಾತು. ನನ್ನ ಕೈ ಎಷ್ಟ ದೂರ ಹೋಗೇತಿ ಅನ್ನೂದ ನನಗ ಗೊತ್ತಾಗಲಿಲ್ಲ.”

ಅಂದೇ ಕಣ ಮುಚ್ಚಿ, ಪೈಲವಾನರನ್ನು ಗಾಡಿಯಲ್ಲಿ ತಮ್ಮ ಮನೆಗೆ ತಂದರಂತೆ. ಪೈಲವಾನರ ಊರಿನ ಮನೆಯವರು ಮೊದಲ ವರ್ಷ ಬಂದು ಹೋದರು, ಆಮೇಲೆ ಬಿಟ್ಟರು.

ಇನ್ನೊಂದನ್ನು ನಾನು ದಿನವೂ ನೋಡುತ್ತಿದ್ದೆ, ನೋಡಿಯೂ ಅರ್ಥ ಮಾಡಿಕೊಂಡಿರಲಿಲ್ಲ. ಕಾಲು ಮಡಿಸುವಾಗ ಪೈಲವಾನರು ಒಮ್ಮೊಮ್ಮೆ, “ವಸ್ತಾದರ, ಆ ದಿನ...” ಎಂದು ಬಾಯಿ ತೆರೆಯುವರು. “ಲಕ್ಷ್ಯ ಇಡು. ಮೊಣಕಾಲ ಎಲ್ಲೈತಿ?” ಎಂದು ಇವರು ಕೂಡಲೇ ಕೇಳುವರು. ಮೊಣಕಾಲಿನ ಸುದ್ದಿಯೇ ತಿಳಿಯದ ಆ ಮನುಷ್ಯ ಕಣ್ಣಿನಿಂದ ನೋಡಿ, “ಮಡಚೈತ್ರಿ” ಎನ್ನುವರು. ಅಲ್ಲಿಗೆ ಮಾತು ಮುಗಿಯುವುದು. ಗುರುಗಳು ಪಾಠ ತಪ್ಪಗೊಡುವುದಿಲ್ಲ ಎಂದು ನಾನು ಮೆಚ್ಚಿಕೊಳ್ಳುತ್ತಿದ್ದೆ.

ವರ್ಷಗಳು ಹೋದವು. ನಾನು ಪ್ರೆಸ್ಸಿನಲ್ಲಿ ಮುಕಾದಮನಾದೆ, ಮೂವತ್ತು ಹಮಾಲರು ನನ್ನ ಕೈಕೆಳಗೆ. ವಾರಕ್ಕೆರಡು ಮುಂಜಾನೆ ಮಾತ್ರ ವಸ್ತಾದರ ಮನೆಗೆ ಹೋಗಿ ಬರುತ್ತಿದ್ದೆ. ಯುದ್ಧದ ಕಾಲ ಬಂತು, ಜೋಳಕ್ಕೂ ಸೀಮೆಎಣ್ಣೆಗೂ ರೇಷನ್ನಾಯಿತು. ಆ ಚಳಿಗಾಲದಲ್ಲಿ ವಸ್ತಾದರಿಗೆ ಕೆಮ್ಮು ಹತ್ತಿತು. ಬೇಸಿಗೆಗೆ ಕೆಮ್ಮಿನ ಜೊತೆ ರಕ್ತ. ಬೇವಿನ ಬೊಡ್ಡೆಯಂಥ ತೋಳು ಒಣಗಿ ಹಗ್ಗವಾಯಿತು. ಪೈಲವಾನರ ಕಾಲು ಎತ್ತಿದರೆ ನಡುವೆ ಎರಡು ಸಲ ಇಳಿಸಿ ಉಸಿರು ತಗೊಳ್ಳುವರು.

ಒಂದು ದಿನ ನನ್ನನ್ನು ಅಂಗಳಕ್ಕೆ ಕರೆದು ದನಿ ತಗ್ಗಿಸಿದರು. “ಐದ ಹೊತ್ತೂ ಅಲ್ಲಾಗ ಒಂದ ಬೇಡಾಕತ್ತೇನಿ ತಮ್ಮಾ. ನನಗಿಂತ ಮೊದಲ ಅವ ಹೋಗಲಿ. ನಾ ಮೊದಲ ಹೋದ್ರ ಅವ ಹುಣ್ಣ ಬಿದ್ದ, ನಾರಿ ಸಾಯ್ತಾನ.” ಇಷ್ಟು ಹೇಳಿ, ತಾವು ಬೇಡಿದ್ದಕ್ಕೆ ತಾವೇ ನಾಚಿದವರಂತೆ ಮುಖ ಒರೆಸಿಕೊಂಡರು.

ನಾನು ನೋಡ್ಕೋತೇನ್ರಿ ಎನ್ನಲು ಎಷ್ಟು ಹೊತ್ತು ಬೇಕು? ನಾನು ಅನ್ನಲಿಲ್ಲ. ಮೂವತ್ತು ಜನರ ಮೇಲಿನ ಮುಕಾದಮ ಇನ್ನೊಬ್ಬರ ಹಾಸಿಗೆ ತೊಳೆಯುವುದೇ ಎಂಬುದು ಮನಸ್ಸಿನ ತಳದಲ್ಲಿತ್ತು. “ಎರಡೆರಡು ಪಾಳಿ ನಡದಾವ್ರಿ” ಎಂದು ಏನೋ ಗೊಣಗಿ ಎದ್ದೆ. ಹೀಗೆ ಮಳೆಗಾಲ ಪೂರ್ತಿ ಕಳೆದೆ.

ಕಡೆಗೆ ಒಂದು ಮುಂಜಾನೆ ಹೋದಾಗ ವಸ್ತಾದರು ಹೊರಸಿನ ಪಕ್ಕ ನೆಲದ ಮೇಲೆ ಬಿದ್ದಿದ್ದರು. ಎತ್ತಿದ ಕಾಲಿನ ಜೊತೆಗೇ ಕುಸಿದಿದ್ದರು. ಹೊರಸಿನ ಮೇಲೆ ಪೈಲವಾನರು ಬಾಯಿಬಿಟ್ಟು ಅಳುತ್ತಿದ್ದರು, ಕೈ ಚಾಚಿದರೂ ವಸ್ತಾದರು ಅವರಿಗೆ ಎಟುಕುತ್ತಿರಲಿಲ್ಲ. ವಸ್ತಾದರನ್ನು ಎತ್ತಿ ಕೂರಿಸಿದೆ. ಮಾತು ತಾನಾಗಿ ಬಂತು.

“ನಾ ಬರ್ತೇನ್ರಿ. ದಿನಾ ಎರಡ ಹೊತ್ತು. ನೀವು ಇದ್ದರೂ ಬರ್ತೇನಿ, ಇರದಿದ್ದರೂ ಬರ್ತೇನಿ.”

ನಂಬಿದರೆಂದೇನೂ ಅಲ್ಲ. “ಮಾಡಿ ತೋರಸು” ಎಂದರು. ಗೋಡೆಗೆ ಒರಗಿ, ಪೈಲವಾನರ ಒಂದೊಂದು ಕೀಲನ್ನೂ ನನ್ನಿಂದ ಮಡಿಸಿ ನೋಡಿದರು. “ಅವಸರ. ಮತ್ತ ಮಾಡು.” ಮತ್ತೆ ಮಾಡಿದೆ. “ನಿನ್ನ ಉಸರ ನೀ ಹಿಡದೀ. ಬಿಡು.” ಬಿಟ್ಟೆ. ಪ್ರೆಸ್ಸಿನ ಭೋಂಗಾ ಕೂಗಿ ಎಷ್ಟೋ ಹೊತ್ತಾಗಿತ್ತು. ಕಡೆಯ ಬೆರಳಿನವರೆಗೆ ನೋಡಿದ ಮೇಲೆ “ಹ್ಞೂಂ” ಎಂದು ಕಣ್ಣು ಮುಚ್ಚಿದರು. ಒಂಬತ್ತು ದಿನ ಬದುಕಿದರು, ಹತ್ತನೆಯ ದಿನ ಹೋದರು. ಅವರ ಜನಾಜಾಕ್ಕೆ ನಾನು ಬಲ ಹೆಗಲು ಕೊಟ್ಟೆ. ಓಣಿಯವರು ಪೈಲವಾನರಿಗೆ ಪಾಳಿಯ ಮೇಲೆ ರೊಟ್ಟಿ ಕೊಡಲು ಒಪ್ಪಿದರು.

ಮಣ್ಣು ಮಾಡಿದ ಮೂರನೆಯ ಮುಂಜಾನೆ. ನಾನು ಪೈಲವಾನರ ಕಾಲು ಮಡಿಸುತ್ತಿದ್ದೆ. ಅವರು, “ತಮ್ಮಾ, ಆ ದಿನ...” ಎಂದರು.

“ಲಕ್ಷ್ಯ ಇಡ್ರಿ” ಎಂದೆ. ರೂಢಿಯ ಬಲದಿಂದ ಬಂದ ಮಾತು.

ಪೈಲವಾನರ ಮುಖ ಬಿಳಿಚಿತು. “ನೀನೂ ಅದನ್ನ ಕಲತೆಲ್ಲೋ, ಖೋಡಿ! ಹದಿನೇಳ ವರ್ಷ ಒಂದ ಮಾತ ಹೇಳಾಕ ಹೊಂಟೇನಿ, ಇಬ್ಬರೂ ಕೂಡಿ ನನ್ನ ಮೊಣಕಾಲ ಹುಡುಕ್ತೀರಿ. ಇಲ್ಲದ ಮೊಣಕಾಲ!”

ನಾನು ಕಾಲನ್ನು ಮೆಲ್ಲಗೆ ಇಳಿಸಿದೆ. “ಹೇಳ್ರಿ” ಎಂದೆ.

“ಅವರು ಕೈ ಸಡ್ಲ ಬಿಟ್ಟಿದ್ರು. ‘ಸಾಕೋ, ಏಳು’ ಅಂತ ಕಿವ್ಯಾಗ ಅಂದ್ರು, ನಾ ಕೇಳಿದೆ. ಹೆಣ್ಣ ಕೊಡಾವ್ರ ಮುಂದ ಸೋತ ಏಳೂದು ಹೆಂಗಂತ ನಾನ ಜಟಕಾ ಹೊಡದ ತಿರುವಿದೆ. ನನ್ನ ಕುತಗಿ ನಾನ ಮುರಕೊಂಡೆ. ಅವರು ಅತ್ತಾಗ ನೋಡಿದ್ರೂ ಅಷ್ಟ, ಇತ್ತಾಗ ನೋಡಿದ್ರೂ ಅಷ್ಟ. ಹೇಳಾಕ ಹ್ವಾದ್ರ ಬಿಡಲಿಲ್ಲ. ನನ್ನ ಕಾಲ ಎಲ್ಲೈತಂತ ಅವರಿಗೆ ಗೊತ್ತಿತ್ತು. ನನ್ನ ಮಾರಿ ಒಮ್ಮೆನೂ ನೋಡಲಿಲ್ಲ.”

ಅಷ್ಟು ಲಕ್ಷ್ಯವಿದ್ದ ಮನುಷ್ಯ ಹದಿನೇಳು ವರ್ಷ ಆ ಲಕ್ಷ್ಯವನ್ನೇ ಬಾಗಿಲು ಮಾಡಿ ಹಾಕಿಕೊಂಡು ಕೂತಿದ್ದರೇ? ಕ್ಷಮೆ ಸಿಕ್ಕಿದರೆ ತಮ್ಮ ಕೈಗೆ ಬೇರೆ ಕೆಲಸವೇನು ಎಂಬ ಹೆದರಿಕೆಯೋ, ಏನೋ. ಅದನ್ನು ತೂಗುವಷ್ಟು ಓದಿದವನು ನಾನಲ್ಲ. ಅವರು ನನಗೆ ತೋಳು ಕೊಟ್ಟರು, ಆ ತೋಳಿನಲ್ಲಿ ನಾನು ಎರಡು ಮಕ್ಕಳನ್ನು ಬೆಳೆಸಿದೆ. ಆ ಋಣದ ಲೆಕ್ಕ ನನಗೆ ಇಂದಿಗೂ ಬಗೆಹರಿದಿಲ್ಲ. ಅವರಿಗೆ ಮುಟ್ಟಬೇಕಾದ ಮಾತು ಮಾತ್ರ ಮೂರು ದಿನ ತಡವಾಗಿತ್ತು.

“ನೀನರ ಹೋಗಿ ಹೇಳಿ ಬಾ” ಎಂದರು ಪೈಲವಾನರು.

ಹೋದೆ. ಕಬರಸ್ತಾನದಲ್ಲಿ ನಡುಹಗಲು, ಹಸಿ ಮಣ್ಣಿನ ಗುಡ್ಡೆ, ಸುತ್ತ ಯಾರೂ ಇಲ್ಲ. ನಾಚಿಕೆಯಾಯಿತು. ಆದರೂ ಗಟ್ಟಿಯಾಗಿ, ಒಂದಕ್ಷರ ಬಿಡದೆ, ಪೈಲವಾನರು ಹೇಳಿದ ಹಾಗೆಯೇ ಹೇಳಿದೆ. ತಿರುಗಿ ಬಂದಾಗ ಅವರು ಬಾಗಿಲ ಕಡೆಗೇ ಕಣ್ಣಿಟ್ಟು ಮಲಗಿದ್ದರು.

“ಹೇಳಿದ್ಯಾ?”

“ಹೇಳಿದ್ನಿರಿ.”

“ಪೂರ್ತಿ?”

“ಪೂರ್ತಿ.”

“ಏನಂದ್ರು?”

ಪ್ರಶ್ನೆ ಕೇಳಿದ ರೀತಿಯಲ್ಲಿ ಹುಚ್ಚಿರಲಿಲ್ಲ. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ.

“ಏನೂ ಅನ್ನಲಿಲ್ರಿ.”

ಪೈಲವಾನರು ಕಣ್ಣನ್ನು ಬಾಗಿಲಿಂದ ಜಂತಿಗೆ ತಿರುಗಿಸಿದರು.

“ನಡುವ ಬಾಯಿ ಹಾಕಲಿಲ್ಲಲ್ಲ?” ಎಂದರು. “ಹಂಗಾರ ಪೂರಾ ಕೇಳ್ಯಾರ.”